ರಕ್ತದ ಸಾಕ್ಷ್ಯ ಕೇಳಿದ ಶಸ್ತ್ರವೈದ್ಯ

ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಬಾಳೆಲ್ಲ ದುಡಿದ ನನ್ನ ತಂದೆಯವರಿಗೆ ಎಪ್ಪತ್ತರ ಅಂಚಿನಲ್ಲಿ ಸೊಂಟನೋವು ಬಂದಾಗ, ಮನೆಯವರೆಲ್ಲ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದೆವು. ಮೂತ್ರದ ತೊಂದರೆಯನ್ನಂತೂ ಅವರು ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಕಡೆಗೆ ಬಳ್ಳಾರಿಯಲ್ಲಿ ಪರೀಕ್ಷೆಗಳಾಗಿ, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ಮೂಳೆಗೆ ಹಬ್ಬಿದೆಯೆಂದು ತಿಳಿಯಿತು. ವೈದ್ಯರು ಮತ್ತೆ ಮತ್ತೆ ಬೆರಳಿಟ್ಟು ತೋರಿಸುತ್ತಿದ್ದುದು ರಕ್ತಪರೀಕ್ಷೆಯ ಕಾಗದದಲ್ಲಿದ್ದ ಒಂದು ಅಂಕಿಯನ್ನು. ಆ ಅಂಕಿಯ ಮೂಲವನ್ನು ಅರಸುತ್ತ ಹೋದ ನನಗೆ ದೊರೆತವರು ಚಾರ್ಲ್ಸ್ ಹಗಿನ್ಸ್.

ಹಗಿನ್ಸರು ಹುಟ್ಟಿದ್ದು ೧೯೦೧ರಲ್ಲಿ, ಕೆನಡಾದ ಹ್ಯಾಲಿಫ್ಯಾಕ್ಸ್ ಪಟ್ಟಣದಲ್ಲಿ. ಹಾರ್ವರ್ಡಿನಲ್ಲಿ ೧೯೨೪ರಲ್ಲಿ ವೈದ್ಯಪದವಿ ಪಡೆದು, ೧೯೨೭ರಲ್ಲಿ ಚಿಕಾಗೋ ವಿಶ್ವವಿದ್ಯಾಲಯದ ಹೊಸ ವೈದ್ಯಶಾಲೆಯನ್ನು ಸೇರಿದರು. ಅಲ್ಲಿ ಅವರ ಪಾಲಿಗೆ ಬಂದದ್ದು ಮೂತ್ರಾಂಗಗಳ ಶಸ್ತ್ರವೈದ್ಯ. ಆ ವಿಷಯದಲ್ಲಿ ಅವರಿಗೆ ಹಿಂದಿನ ಪರಿಶ್ರಮವಿರಲಿಲ್ಲ. ಪುಸ್ತಕ ಓದಿ ಕಲಿತುಕೊಂಡರು. ಒಪ್ಪಿಸಿದ ಕೆಲಸವೇ ಒಲಿದ ವಿದ್ಯೆಯಾಗುವುದು ಎಲ್ಲರ ಬಾಳಿನಲ್ಲಿ ನಡೆಯುವ ಮಾತಲ್ಲ.

ಮನುಷ್ಯನಂತೆ ಮುಪ್ಪಿನಲ್ಲಿ ಪ್ರಾಸ್ಟೇಟ್ ಗ್ರಂಥಿಯ ಗಂತಿಗೆ ಈಡಾಗುವ ಪ್ರಾಣಿಗಳು ವಿರಳ, ನಾಯಿ ಅವುಗಳಲ್ಲೊಂದು. ಹಗಿನ್ಸರು ನಾಯಿಗಳ ಆ ಗ್ರಂಥಿಯ ರಸವನ್ನು ಪ್ರತ್ಯೇಕವಾಗಿ ಸಂಗ್ರಹಿಸಿ ಅಳೆಯುವ ಉಪಾಯವನ್ನು ಕಂಡುಹಿಡಿದರು. ವೃಷಣಗಳನ್ನು ತೆಗೆದರೆ ರಸ ಬತ್ತುತ್ತಿತ್ತು, ಪುರುಷ ಹಾರ್ಮೋನನ್ನು ಕೊಟ್ಟರೆ ಮರಳುತ್ತಿತ್ತು. ಕೆಲವು ಮುದಿ ನಾಯಿಗಳಲ್ಲಿ ಗಂತಿಗಳಿದ್ದುದು ಮೊದಲು ಪ್ರಯೋಗಕ್ಕೆ ತೊಡಕೆಂದೇ ತೋರಿತು. ಆದರೆ ಹಾರ್ಮೋನು ನಿಂತೊಡನೆ ಆ ಗಂತಿಗಳೂ ಕುಗ್ಗಿದವು. ಒಮ್ಮೆ ಹುಟ್ಟಿದ ಕ್ಯಾನ್ಸರು ದೇಹದ ಯಾವ ಆಳ್ವಿಕೆಗೂ ಒಳಪಡದೆ ಬೆಳೆಯುವುದೆಂದು ಬಗೆದಿದ್ದ ಕಾಲವದು.

ಮನುಷ್ಯರಲ್ಲಿ ಇದು ನಿಜವೇ ಎಂದು ತಿಳಿಯುವುದು ಹೇಗೆ? ಮೂಳೆಯೊಳಗಿನ ಗಂತಿ ಕಣ್ಣಿಗೆ ಕಾಣದು. ನ್ಯೂಯಾರ್ಕಿನಲ್ಲಿ ಗುಟ್‌ಮನ್ ದಂಪತಿಗಳು ೧೯೩೮ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದ್ದರು: ಈ ಕ್ಯಾನ್ಸರು ಹಬ್ಬಿದವರ ರಕ್ತದಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಪ್ರೋಟೀನು ಏರಿರುತ್ತದೆ. ಹಗಿನ್ಸರು ಅದನ್ನೇ ಸಾಕ್ಷಿಯಾಗಿ ಕರೆದರು. ಕ್ಲಾರೆನ್ಸ್ ಹಾಜಸ್‌ರೊಡನೆ ೧೯೪೧ರಲ್ಲಿ ಅವರು ಪ್ರಕಟಿಸಿದ ಲೇಖನ, ವೃಷಣಗಳನ್ನು ತೆಗೆದಾಗಲೂ ಸ್ತ್ರೀ ಹಾರ್ಮೋನು ಕೊಟ್ಟಾಗಲೂ ಆ ಅಂಕಿ ಇಳಿಯುವುದನ್ನು, ಪುರುಷ ಹಾರ್ಮೋನು ಚುಚ್ಚಿದಾಗ ಏರುವುದನ್ನು ತೋರಿಸಿತು. ನೋವಿನಿಂದ ಹಾಸಿಗೆ ಹಿಡಿದಿದ್ದ ಹಲವರು ಎದ್ದು ನಡೆದಾಡಿದರು.

ಅದೇ ಶಸ್ತ್ರಕ್ರಿಯೆಯನ್ನು ಬಳ್ಳಾರಿಯ ವೈದ್ಯರು ಸೂಚಿಸಿದಾಗ ತಂದೆಯವರು ಎರಡು ದಿನ ಯಾರೊಡನೆಯೂ ಮಾತನಾಡಲಿಲ್ಲ. ಗಂಡಸಿನ ಅಭಿಮಾನವನ್ನು ಶರೀರಶಾಸ್ತ್ರ ಅಳೆಯಲಾರದು. ಮೂರನೆಯ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ, ಗದ್ದೆಗೆ ಇಳಿಯಬಹುದೇ ಎಂದು. ಚಿಕಿತ್ಸೆಯ ಬಳಿಕ ಬಳ್ಳಾರಿಗೆ ಹತ್ತಿರವೆಂದು ಕುರುಗೋಡಿನ ಅಕ್ಕನ ಮನೆಯಲ್ಲಿದ್ದರು. ಕೋಲಿಲ್ಲದೆ ದೊಡ್ಡ ಬಸವೇಶ್ವರನ ಗುಡಿಗೆ ಹೋಗಿ, ಆ ಭಾರಿ ನಂದಿಯ ಮುಂದೆ ನಿಂತು ಬಂದ ದಿನ ಅಕ್ಕ ಹೋಳಿಗೆ ಮಾಡಿದಳು. ಅಂಕಿಯೂ ಇಳಿದಿತ್ತು. ಎರಡು ಸುಗ್ಗಿಗಳನ್ನು ಅವರು ಕಂಡರು. ಮೂರನೆಯ ವರ್ಷ ನೋವು ಕಾಣಿಸುವ ಮೊದಲೇ ಅಂಕಿ ಏರತೊಡಗಿತು. ಮುಂದಿನದನ್ನು ನಾವು ಅದರಿಂದಲೇ ಅರಿತೆವು.

ತಮ್ಮ ಚಿಕಿತ್ಸೆಯಿಂದ ಸುಧಾರಿಸಿದವರಲ್ಲಿಯೂ ರೋಗ ಮರಳುವುದನ್ನು ಹಗಿನ್ಸರು ಕಂಡರು. ಮೂತ್ರಜನಕಾಂಗದ ಮೇಲಿನ ಅಡ್ರಿನಲ್ ಗ್ರಂಥಿಗಳೂ ಅದೇ ಬಗೆಯ ಹಾರ್ಮೋನುಗಳನ್ನು ಸುರಿಸುವುದರಿಂದ ಅವನ್ನೂ ತೆಗೆದು ನೋಡಿದರು. ಅನಂತರ ಸ್ತನದ ಕ್ಯಾನ್ಸರಿನ ಕಡೆಗೂ ತಿರುಗಿದರು. ಪೇಟನ್ ರೌಸ್ ಅವರೊಡನೆ ನೊಬೆಲ್ ಪಾರಿತೋಷಕ ದೊರೆತದ್ದು ೧೯೬೬ರಲ್ಲಿ, ಆ ಲೇಖನಕ್ಕೆ ಇಪ್ಪತ್ತೈದು ವರ್ಷ ತುಂಬಿದಾಗ.

ತಂದೆಯವರ ಕಾಗದದಲ್ಲಿದ್ದುದು ಫಾಸ್ಫಟೇಸಲ್ಲ, ಅದರ ಸ್ಥಾನಕ್ಕೆ ಬಂದ ಪಿಎಸ್‌ಎ. ಇದನ್ನು ಗ್ರಂಥಿಯಿಂದ ಶುದ್ಧವಾಗಿ ಬೇರ್ಪಡಿಸಿದ ವರದಿ ಬಂದದ್ದು ೧೯೭೯ರಲ್ಲಿ. ಸೋಂಕಿನಿಂದಲೂ ಮುಪ್ಪಿನ ಸಹಜ ಊತದಿಂದಲೂ ಅದು ಏರಬಹುದಾದ್ದರಿಂದ ಅದೊಂದನ್ನೇ ನಂಬಿ ರೋಗವನ್ನು ನಿರ್ಧರಿಸುವಂತಿಲ್ಲ. ಚಿಕಿತ್ಸೆಯ ತರುವಾಯವಾದರೋ, ಎಷ್ಟು ಕೆಳಗಿಳಿಯಿತು, ಎಷ್ಟು ಬೇಗ ಇಮ್ಮಡಿಸಿತು ಎಂಬುದನ್ನು ನೋಡಿ ವೈದ್ಯರು ಮುಂದಿನ ಗತಿಯನ್ನು ಊಹಿಸುತ್ತಾರೆ.

ಹಗಿನ್ಸರು ಇಳಿವಯಸ್ಸಿನಲ್ಲಿಯೂ ಪ್ರಯೋಗಶಾಲೆಯನ್ನು ಬಿಡಲಿಲ್ಲ. ೧೯೯೭ರ ಜನವರಿ ೧೨ರಂದು ಚಿಕಾಗೋದಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತೈದು ವರ್ಷ.