ಎರಡು ಪೈಸೆ ಕೊಟ್ಟು ಶಾಲೆಗೆ ಕರೆದ ವಕೀಲರು

ಮಂಗಳೂರು ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಅದರ ಮುಂದೆ ದಿನಾ ಬಸ್ಸು ಹತ್ತಿ ಇಳಿಯುವವರಿಗೆ ಬೋರ್ಡು ಗೊತ್ತು, ಆದರೆ ಮನುಷ್ಯ ಯಾರು ಅಂತ ಕೇಳಿದರೆ ತಲೆ ಕೆರೆದುಕೊಳ್ಳುವವರೇ ಜಾಸ್ತಿ.

ರಂಗರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡು ಸೀಮೆಯ ಕುದ್ಮುಲಿನ ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ. ಎಳೆವಯಸ್ಸಿನಲ್ಲೇ ತಂದೆ ತೀರಿಹೋದರು. ಹೊಟ್ಟೆಪಾಡಿಗೆ ಮಂಗಳೂರಿಗೆ ಬಂದು ಮೊದಲು ಮೇಷ್ಟ್ರಾದರು, ಆಮೇಲೆ ವಕೀಲರಾದರು. ಬಡವರ ಕೇಸು ಹಿಡಿಯುವ ವಕೀಲರು ಅಂತ ಹೆಸರು ಬಂತು.

ಆ ಕಾಲಕ್ಕೆ ದಲಿತರ ಮಕ್ಕಳಿಗೆ ಶಾಲೆಯ ಜಗಲಿಯೂ ದೂರ. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ರಾಯರು ಅವರಿಗಾಗಿಯೇ ಒಂದು ಶಾಲೆ ತೆರೆದರು. ಊರು ಸುಮ್ಮನಿದ್ದೀತೇ? ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರು. ಪಾಠ ಹೇಳಲು ಮೇಲ್ಜಾತಿಯ ಮೇಷ್ಟ್ರುಗಳು ಒಪ್ಪಲಿಲ್ಲ. ಕ್ರೈಸ್ತ ಶಿಕ್ಷಕರು ಬಂದರು. ಶಾಲೆ ಎತ್ತಂಗಡಿಯಾಯಿತು. ರಾಯರು ಮಾತ್ರ ಜಗ್ಗಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಕೊನೆಗೆ ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ಅದು ನೆಲೆ ಕಂಡಿತು.

ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರುತ್ತಾರೆಯೇ? ಮಗು ಕೂಲಿಗೆ ಹೋದರೆ ಮನೆಗೆ ನಾಲ್ಕು ಕಾಸು, ಶಾಲೆಗೆ ಹೋದರೆ ಅದೂ ಇಲ್ಲ. ವ್ಯಾಪಾರಿಗಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ರಾಯರಿಗೂ ಅರ್ಥವಾಗಿತ್ತು. ಬಂದ ಮಗುವಿಗೆ ಮಧ್ಯಾಹ್ನ ಊಟ, ಜತೆಗೆ ದಿನಕ್ಕೆ ಎರಡು ಪೈಸೆ! ಅಕ್ಷರದ ಜತೆ ನೇಯ್ಗೆ, ಬಡಗಿ ಕೆಲಸವನ್ನೂ ಕಲಿಸಿದರು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಶುರುವಾದದ್ದು 2002ರ ನಂತರ ಎಂಬುದನ್ನು ನೆನೆದರೆ, ಈ ವಕೀಲರು ಎಷ್ಟು ಮುಂದಿದ್ದರು ನೋಡಿ.

ಹೇಳುವುದೊಂದು ಮಾಡುವುದೊಂದು ಇವರ ಜಾಯಮಾನವಲ್ಲ. ಮಗಳು ರಾಧಾಬಾಯಿಯನ್ನು ಜಾತಿಯ ಹೊರಗೆ ಪಿ. ಸುಬ್ಬರಾಯನ್‌ಗೆ ಕೊಟ್ಟರು. ಅಳಿಯ 1926ರಲ್ಲಿ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಯಾದರು. ಮೊಮ್ಮಗ ಜನರಲ್ ಕುಮಾರಮಂಗಲಂ ಮುಂದೆ ದೇಶದ ಭೂಸೇನೆಯ ಮುಖ್ಯಸ್ಥರಾದರು.

ರಾಯರ ಆಸೆ ಮಾತ್ರ ಬೇರೆಯೇ ಇತ್ತು. ತಮ್ಮ ಶಾಲೆಯಲ್ಲಿ ಕಲಿತ ದಲಿತ ಹುಡುಗ ಸರ್ಕಾರಿ ನೌಕರಿ ಹಿಡಿದು ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು, ಆಗಲೇ ಜನ್ಮ ಸಾರ್ಥಕ ಅಂತ ಅವರು ನಂಬಿದ್ದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಕ್ರಿಯೆಗೆ ಊರು ಗುಡಿಸುವ ಜನರೇ ಹೆಗಲು ಕೊಡಬೇಕು ಎಂಬುದು ಅವರ ಇಚ್ಛೆಯಾಗಿತ್ತು.

ಈಗ ಕಾನೂನೇ ಇದೆ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ 2010ರಿಂದ ಹಕ್ಕು. 2016ರಿಂದ 14ರೊಳಗಿನವರನ್ನು ಕೆಲಸಕ್ಕಿಟ್ಟುಕೊಳ್ಳುವುದು ಅಪರಾಧ. ಆದರೂ ಶಾಲೆಯ ಹೊತ್ತಿನಲ್ಲಿ ಗ್ಲಾಸು ತೊಳೆಯುವ ಪುಟ್ಟ ಕೈ ಕಂಡರೆ, ಚಹಾ ಕುಡಿದು ಸುಮ್ಮನೆ ಎದ್ದು ಬರಬೇಡಿ. ಯಾಕಪ್ಪಾ ಶಾಲೆಗೆ ಹೋಗಿಲ್ಲ ಅಂತ ಒಂದು ಮಾತು ಕೇಳಿ. ಯಜಮಾನರನ್ನೂ ಕೇಳಿ. ರಂಗರಾಯರಿಗೆ ಹೂಮಾಲೆಗಿಂತ ಅದೇ ಹೆಚ್ಚು.