ವೇದಿಕೆಯಿಂದ ತರಗತಿಗೆ: ಮಾಯಾ ರಾವ್

ಹೊಸಹಳ್ಳಿಯ ನಿಮ್ಮ ಮನೆಯ ಮಗಳು ಇಂದು ಗೆಜ್ಜೆ ಹಿಡಿದು ನೃತ್ಯ ತರಗತಿಗೆ ಹೊರಟರೆ ಯಾರೂ ಹುಬ್ಬೇರಿಸುವುದಿಲ್ಲ. 1928ರಲ್ಲಿ ಬೆಂಗಳೂರಿನ ಸಂಪ್ರದಾಯಸ್ಥ ಕುಟುಂಬದಲ್ಲಿ ಹುಟ್ಟಿದ ಮಾಯಾ ರಾವ್ ಅವರ ಕಾಲ ಹಾಗಿರಲಿಲ್ಲ. ಆದರೂ ಅವರು ಸೋಹನ್‌ಲಾಲರಲ್ಲಿ, ಮುಂದೆ ಶಂಭು ಮಹಾರಾಜರಲ್ಲಿ ಕಥಕ್ ಕಲಿತು ಹೆಸರಾಂತ ನರ್ತಕಿಯಾದರು.

1960ರ ದಶಕದ ಆರಂಭದಲ್ಲಿ ವಿದ್ಯಾರ್ಥಿವೇತನ ಪಡೆದು ಸೋವಿಯತ್ ಒಕ್ಕೂಟಕ್ಕೆ ಹೋದರು. ಬ್ಯಾಲೆಗೆ ಹೆಸರಾದ ಆ ನಾಡಿನಲ್ಲಿ ಕಲಿತದ್ದು ನೃತ್ಯಸಂಯೋಜನೆ: ಹಲವರ ಹೆಜ್ಜೆ, ಸಂಗೀತ, ಬೆಳಕುಗಳನ್ನು ಒಂದೇ ಕಥೆಯಾಗಿ ಹೆಣೆಯುವ ವಿದ್ಯೆ. ಮರಳಿದ ಮೇಲೆ ಅದನ್ನು ಕಲಿಸುವುದೇ ಅವರ ಬಾಳಿನ ಕೆಲಸವಾಯಿತು. 1964ರಲ್ಲಿ ದೆಹಲಿಯಲ್ಲಿ ಕಟ್ಟಿದ ಸಂಸ್ಥೆಯನ್ನು, ಅರವತ್ತರ ಹೊಸ್ತಿಲಲ್ಲಿ, 1987ರಲ್ಲಿ ಬೆಂಗಳೂರಿಗೆ ತಂದರು. 2014ರಲ್ಲಿ ತೀರಿಕೊಂಡಾಗ ಅವರ ಶಿಷ್ಯರೇ ಗುರುಗಳಾಗಿದ್ದರು.

ತಂದೆತಾಯಂದಿರೇ, ಚಪ್ಪಾಳೆ ಆ ಸಂಜೆಗೇ ಮುಗಿಯುತ್ತದೆ, ಕಲಿಸಿದ್ದು ಉಳಿಯುತ್ತದೆ. ನಿಮಗೆ ಬಲ್ಲ ವಿದ್ಯೆಯನ್ನು ಯಾರ ಕೈಗೆ ಕೊಡುತ್ತಿದ್ದೀರಿ?