ಕಣ್ಣೊಳಗೆ ಮಸೂರ ಇಟ್ಟ ಹೆರಾಲ್ಡ್ ರಿಡ್ಲಿ

ಮಕ್ಕಳೇ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡ ಅಜ್ಜ, ಅಜ್ಜಿ ಇರಬಹುದು. ಅವರ ಕಣ್ಣೊಳಗೆ ಕಡಲೆಕಾಳಿನಷ್ಟು ಅಗಲದ ಕೃತಕ ಮಸೂರವಿರುತ್ತದೆ. ಅಂಥದ್ದನ್ನು ಮೊದಲು ಇಟ್ಟು ನೋಡಿದವರು ಇಂಗ್ಲೆಂಡಿನ ಕಣ್ಣಿನ ವೈದ್ಯ ಹೆರಾಲ್ಡ್ ರಿಡ್ಲಿ. ಅವರು ಹುಟ್ಟಿದ್ದು 1906ರಲ್ಲಿ. ತಂದೆಯೂ ಕಣ್ಣಿನ ವೈದ್ಯರೇ.

ನಮ್ಮ ಕಣ್ಣಿನ ಪಾಪೆಯ ಹಿಂದೆ ತಿಳಿಯಾದ ಮಸೂರವೊಂದಿದೆ. ವಯಸ್ಸಾದಂತೆ ಅದು ಮಬ್ಬಾಗುತ್ತದೆ. ಇದೇ ಪೊರೆ. ಹಿಂದೆ ವೈದ್ಯರು ಮಬ್ಬಾದ ಮಸೂರವನ್ನು ತೆಗೆದುಹಾಕುತ್ತಿದ್ದರು. ಆ ಜಾಗ ಖಾಲಿಯೇ ಉಳಿಯುತ್ತಿತ್ತು. ಆಮೇಲೆ ಸೋಡಾ ಬುಡ್ಡಿಯಂಥ ದಪ್ಪ ಕನ್ನಡಕವೇ ಗತಿ!

ಎರಡನೇ ಮಹಾಯುದ್ಧ ನಡೆಯುತ್ತಿತ್ತು. 1940ರಲ್ಲಿ ಗಾರ್ಡನ್ ಕ್ಲೀವರ್ ಎಂಬ ಪೈಲಟ್‌ನ ವಿಮಾನಕ್ಕೆ ಗುಂಡು ಬಡಿಯಿತು. ಅವರ ತಲೆಯ ಮೇಲಿದ್ದ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ ಚೂರಾಗಿ ಕಣ್ಣುಗಳಿಗೆ ಹೊಕ್ಕಿತು. ಕಣ್ಣಿಗೆ ಧೂಳು ಬಿದ್ದರೆ ಹೇಗೆ ಕೆಂಪಾಗುತ್ತದೆ, ನಿಮಗೆ ಗೊತ್ತಲ್ಲ? ಆದರೆ ಒಳಗೇ ಉಳಿದ ಈ ಚೂರುಗಳಿಂದ ಕಣ್ಣು ಊದಿಕೊಳ್ಳದೆ ಇದ್ದುದನ್ನು ರಿಡ್ಲಿ ಗಮನಿಸಿದರು. ಮುಂದೆ ಒಬ್ಬ ವಿದ್ಯಾರ್ಥಿ ಪೊರೆಯ ಶಸ್ತ್ರಚಿಕಿತ್ಸೆ ನೋಡಿ, ತೆಗೆದ ಮಸೂರದ ಬದಲು ಬೇರೊಂದನ್ನು ಏಕೆ ಇಡುವುದಿಲ್ಲ ಎಂದು ಕೇಳಿದ. ರಿಡ್ಲಿಗೆ ಆ ಪ್ಲಾಸ್ಟಿಕ್ ನೆನಪಾಯಿತು.

ಅದೇ ಬಗೆಯ ಶುದ್ಧ ಪ್ಲಾಸ್ಟಿಕ್‌ನಿಂದ ಮಸೂರ ಸಿದ್ಧವಾಯಿತು. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 45 ವರ್ಷದ ಮಹಿಳೆಯೊಬ್ಬರ ಕಣ್ಣಲ್ಲಿ ಅದನ್ನು ಇಟ್ಟು, ಅಳತೆ ನೋಡಿ, ಹೊರತೆಗೆದರು. 1950ರ ಫೆಬ್ರವರಿಯಲ್ಲಿ ಶಾಶ್ವತವಾಗಿ ಕೂರಿಸಿದರು. ಮಸೂರ ಕೂತಿತು, ಆದರೆ ಅದರ ಶಕ್ತಿ ತೀರಾ ಹೆಚ್ಚಾಗಿತ್ತು. ಆಕೆಗೆ ದೂರದ್ದು ಸರಿಯಾಗಿ ಕಾಣಲಿಲ್ಲ. ಮುಂದಿನ ಮಸೂರಗಳ ಬಾಗನ್ನು ತಿದ್ದಬೇಕಾಯಿತು.

ಇದೆಲ್ಲ ಗುಟ್ಟಾಗಿಯೇ ನಡೆದಿತ್ತು. 1951ರಲ್ಲಿ ಆಕ್ಸ್‌ಫರ್ಡಿನ ವೈದ್ಯರ ಸಭೆಯಲ್ಲಿ ರಿಡ್ಲಿ ವಿಷಯ ತಿಳಿಸಿದಾಗ ಹೆಸರಾಂತ ವೈದ್ಯರೇ ಸಿಟ್ಟಾದರು. ಕಣ್ಣಿಗೆ ಬಿದ್ದುದನ್ನು ತೆಗೆಯುವುದು ವೈದ್ಯರ ಕೆಲಸ. ಇವರು ಒಳಗೆ ಇಡುತ್ತಿದ್ದಾರಲ್ಲ! ಅವರ ಭಯ ಸುಳ್ಳೇನಲ್ಲ. ಕೆಲವರ ಕಣ್ಣಲ್ಲಿ ಮಸೂರ ಜಾರಿತು, ಕೆಲವರ ಕಣ್ಣು ಊದಿಕೊಂಡಿತು. ಅಂಥ ಮಸೂರಗಳನ್ನು ಮತ್ತೆ ತೆಗೆಯಬೇಕಾಯಿತು. ಇಂದಾದರೆ ಹೊಸ ಮಸೂರವನ್ನು ಹೀಗೆ ಗುಟ್ಟಾಗಿ ಪರೀಕ್ಷಿಸುವಂತಿಲ್ಲ. ರೋಗಿಗೆ ಎಲ್ಲ ತಿಳಿಸಿ ಒಪ್ಪಿಗೆ ಪಡೆಯಬೇಕು, ತಜ್ಞರ ಸಮಿತಿ ಒಪ್ಪಬೇಕು, ಕಣ್ಣು ಹೇಗಿದೆಯೆಂದು ಬಹುಕಾಲ ನೋಡುತ್ತಿರಬೇಕು.

ಬೇರೆ ವೈದ್ಯರೂ ಮಸೂರವನ್ನು ತಿದ್ದುತ್ತಾ ಹೋದರು. ಎಲ್ಲರೂ ಅದನ್ನು ಒಪ್ಪಲು ಸುಮಾರು 30 ವರ್ಷ ಹಿಡಿಯಿತು. 2000ದಲ್ಲಿ ರಿಡ್ಲಿಗೆ ಸರ್ ಪದವಿ ಸಿಕ್ಕಿತು. 2001ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರ ಕಣ್ಣುಗಳಿಗೂ ಪೊರೆ ಬಂದಿತ್ತು. 1990ರ ಸುಮಾರಿಗೆ ಅದೇ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಕೃತಕ ಮಸೂರ ಹಾಕಿಸಿಕೊಂಡಿದ್ದರು.